ಹೊಸತಿನ ಕದಿರು

ಅಂಗಡಿ ಅಕ್ಕಿ ಉಣ್ಣುವವರನ್ನು ಕಂಡರೆ ವನಜಮ್ಮನಿಗೆ ತಾತ್ಸಾರ. ಉಪ್ಪು, ಸೀಮೆಎಣ್ಣೆ, ಬೆಂಕಿಪೊಟ್ಟಣ, ಇಷ್ಟು ಬಿಟ್ಟು ಮತ್ತಾವುದಕ್ಕೂ ಜಯಪುರದ ಪೇಟೆಯ ಹಂಗು ಬೇಡ ಎನ್ನುವುದು ಮದುವೆಯಾಗಿ ಬಂದಂದಿನಿಂದ ಅವಳು ಹಿಡಿದ ವ್ರತ. ಬಾವಿಯ ನೀರು, ಗದ್ದೆಯ ಅಕ್ಕಿ, ಹಿತ್ತಿಲ ಬಸಳೆ, ಜಾಡಿಯ ಮಿಡಿ ಉಪ್ಪಿನಕಾಯಿ. ಅಡಿಕೆಗೆ ದರ ಏರಿದ್ದೇ ತಡ, ಸುತ್ತಿನವರೆಲ್ಲ ಗದ್ದೆಗೆ ಸಸಿ ನೆಟ್ಟು ಚೀಲದಲ್ಲಿ ಅಕ್ಕಿ ಹೊತ್ತು ತರತೊಡಗಿದರು.

"ನಾವೂ ಹಾಕೋಣ ಮಾರಾಯ್ತಿ," ಎಂದು ಗಂಡ ಹೂವಪ್ಪ ವರ್ಷಕ್ಕೊಮ್ಮೆ ಬಾಯಿಬಿಡುತ್ತಿದ್ದ.

"ನಾನು ಸತ್ತ ಮೇಲೆ ಹಾಕಿ. ಹೇಗೂ ಗುಂಡಿ ತೆಗೆಸಿರ್ತೀರಿ."

ಹೊಸತಿನ ಹಬ್ಬ ಬಂತೆಂದರೆ ಮಾತ್ರ ಈ ಅಡಿಕೆಯವರೆಲ್ಲ ಅವಳ ಗದ್ದೆಯ ಅಂಚಿನಲ್ಲಿ ಕೈಕಟ್ಟಿ ನಿಲ್ಲುವರು. ಬಾಗಿಲಿಗೆ ಕಟ್ಟಲು ಭತ್ತದ ಹೊಸ ಕದಿರು ಬೇಕು, ಪಾಯಸಕ್ಕೆ ನಾಲ್ಕು ಹೊಸ ಕಾಳು ಬೇಕು. ಅಡಿಕೆ ಗೊನೆ ಕಟ್ಟಿದರೆ ದೇವರು ಒಪ್ಪಬೇಕಲ್ಲ. ಕೇಳಿ ಬಂದವರಿಗೆ ಕದಿರು ಇಲ್ಲವೆನ್ನಬಾರದೆಂಬುದು ಹಿಂದಿನಿಂದ ಬಂದ ಕಟ್ಟಳೆ. ಅವಳೂ ಕೊಡುತ್ತಿದ್ದಳು, ಭಿಕ್ಷೆ ನೀಡುವವರಂತೆ ಮುಖ ತಿರುಗಿಸಿ.

ಆ ವರ್ಷ ಮೇಲಿನ ಗದ್ದೆಯ ಪ್ರದೀಪನೂ ಅಡಿಕೆ ಹಾಕಿದ. ಹೂವಪ್ಪನ ಚಿಕ್ಕಪ್ಪನ ಮಗ ಅವನು. ನೀರು ನಿಂತರೆ ಅಡಿಕೆಯ ಬೇರು ಕೊಳೆಯುತ್ತದೆಂದು ಆಳದ ಕಾಲುವೆ ಹೊಡೆಸಿದ. ಅಲ್ಲಿಯವರೆಗೆ ಅವನ ಗದ್ದೆ ಕುಡಿದು ಮಿಕ್ಕ ನೀರು ವನಜಮ್ಮನ ಗದ್ದೆಗಿಳಿದು, ಅವಳ ಬಾವಿಯನ್ನೂ ತುಂಬುತ್ತಿತ್ತು. ಈಗ ಅದು ಕಾಲುವೆ ಹಿಡಿದು ನೇರ ಹಳ್ಳಕ್ಕೆ ಬಿತ್ತು. ಕದಿರು ಹಾಲುದುಂಬುವ ಹೊತ್ತಿಗೆ ಮಳೆಯೂ ಹಿಂದೆಗೆಯಿತು. ಗದ್ದೆ ಬಿರಿಯಿತು. ಇನ್ನೊಂದು ವಾರ ಹೀಗೇ ಹೋದರೆ ವರ್ಷದ ಅನ್ನವೆಲ್ಲ ಜೊಳ್ಳು.

ವನಜಮ್ಮ ಗುದ್ದಲಿ ತೆಗೆದುಕೊಂಡು ಹೋಗಿ ಕಾಲುವೆಗೆ ಮಣ್ಣು ಕಟ್ಟಿದಳು.

"ಎಂಥ ಮಾಡ್ತಿದ್ದೀರಿ ಅತ್ತಿಗೆ? ಸಸಿ ಎಲ್ಲ ಕೊಳೆತು ಹೋಗ್ತಾವೆ," ಎನ್ನುತ್ತ ಪ್ರದೀಪ ಓಡಿ ಬಂದ.

"ಹೋಗ್ಲಿ. ಹಬ್ಬಕ್ಕೆ ಕದಿರು ಎಲ್ಲಿಂದ ತರ್ತೀಯ?"

"ಒಂದು ಹಿಡಿ ಕದಿರಿಗೆ ಇಷ್ಟೆಲ್ಲ ರಾಮಾಯಣನಾ? ಸಿರಿಮನೆ ಕಡೆಯಿಂದ ತಂದ್ರಾಯ್ತು."

"ತಗೊಂಬಾ. ದೇವರನ್ನೂ ಅಲ್ಲಿಂದ್ಲೇ ತಗೊಂಬಾ."

ಪ್ರದೀಪ ಜಗಳಕ್ಕೆ ನಿಲ್ಲಲಿಲ್ಲ. ಕಟ್ಟಿದ ಮಣ್ಣನ್ನು ಅರ್ಧ ಮಾತ್ರ ಎಳೆದು ಹಾಕಿ, "ಈಗ ಇಬ್ರಿಗೂ ಆಯ್ತಲ್ಲ," ಎಂದು ಹಲ್ಲು ಕಿರಿದ. ಪೂರಾ ಕಳ್ಳನಾಗುವ ಧೈರ್ಯವಿಲ್ಲ, ಪೂರಾ ದಾನಿಯಾಗುವ ಮನಸ್ಸಿಲ್ಲ. ಇಂಥವನು ಬಿಟ್ಟಷ್ಟೇ ನೀರಿಗೆ ಕಾಯಬೇಕಾಯಿತಲ್ಲ ಎಂದು ವನಜಮ್ಮನಿಗೆ ಮೈ ಉರಿಯಿತು. ಆದರೆ ಕಾಲುವೆ ಅವನ ನೆಲದ್ದು.

ಬಂದ ನೀರಿಗೆ ಅರ್ಧ ಗದ್ದೆ ಕಾಳುಕಟ್ಟಿ ಬಾಗಿತು. ಆಚೆಯ ಅರ್ಧ ಕಡ್ಡಿಯಂತೆ ಸೆಟೆದು ನಿಂತಿತು.

ಹಬ್ಬದ ಬೆಳಿಗ್ಗೆ ಮೊದಲು ಬಂದವನು ಪ್ರದೀಪನೇ. ಸಿರಿಮನೆ ಅಷ್ಟು ದೂರವೆಂದು ಆಗಷ್ಟೇ ಗೊತ್ತಾಯಿತೇನೋ. ತಲೆಗೆ ಸ್ನಾನ ಮಾಡಿ, ಹಣೆಗೆ ಕುಂಕುಮವಿಟ್ಟು, ಕೈಯಲ್ಲಿ ಹಿತ್ತಾಳೆ ಹರಿವಾಣ ಹಿಡಿದಿದ್ದ. ವನಜಮ್ಮ ಅವನನ್ನು ಬಾಗಿದ ಪೈರು ದಾಟಿಸಿ ಆ ತುದಿಗೆ ಕರೆದೊಯ್ದಳು.

"ಇಲ್ಲಿ ಕೊಯ್ಯಿ."

ಅವನು ಒಂದು ಕಾಳು ಹಿಸುಕಿ ನೋಡಿದ. "ಅತ್ತಿಗೆ, ಇದು ಜೊಳ್ಳು."

"ನೀನು ಕೊಟ್ಟ ನೀರು ಹ್ಯಾಗೋ ಹಾಗೆ. ಇಲ್ಲ ಅಂದಿಲ್ವಲ್ಲ ನಾನು."

ಪ್ರದೀಪ ಒಂದು ಹಿಡಿ ಕೊಯ್ದುಕೊಂಡು, ಹರಿವಾಣಕ್ಕೆ ಬಟ್ಟೆ ಮುಚ್ಚಿ ನಡೆದ. ಜೊಳ್ಳೋ ಗಟ್ಟಿಯೋ, ಬಾಗಿಲಿಗೆ ಕಟ್ಟಿದರೆ ಊರಿಗೆ ಕಂಡೀತೇ?

"ದೇವರ ಕೆಲಸಕ್ಕೆ ಹಾಗೆ ಕೊಡಬಾರದಿತ್ತು," ಎಂದ ಹೂವಪ್ಪ.

ಸಂಜೆ ದೀಪ ಹಚ್ಚುವಾಗ ವನಜಮ್ಮನಿಗೂ ಹಾಗೇ ಅನ್ನಿಸಿತು. ಅನ್ನಿಸಿದ್ದನ್ನು ಗಂಡನಿಗೆ ಹೇಳುವಷ್ಟು ದಡ್ಡಿಯಲ್ಲ ಅವಳು.

ಯುಗಾದಿಗೆ ಮೊದಲೇ ಕಣಜದ ತಳ ಕಂಡಿತು. ಹೂವಪ್ಪ ಜಯಪುರದಿಂದ ಅಕ್ಕಿಚೀಲ ತಂದ. ಮುಂಬಾಗಿಲಲ್ಲಿ ತರಕೂಡದೆಂದು ಅವಳು ಅದನ್ನು ಕೊಟ್ಟಿಗೆಯ ಕಡೆಯಿಂದ ಒಳಗೆ ತರಿಸಿದಳು.

"ಒಂದು ಕಲ್ಲಿಲ್ಲ ನೋಡು, ಮಲ್ಲಿಗೆ ಹಾಗಿದೆ," ಎಂದ ಹೂವಪ್ಪ ಉಣ್ಣುತ್ತ.

ಅಡಿಕೆಯವರನ್ನು ನೋಡುವ ಕಣ್ಣಿನಲ್ಲೇ ಅವನನ್ನು ನೋಡಿ ಇನ್ನೊಂದು ಸೌಟು ಬಡಿಸಿದಳು. ಆಮೇಲೆ ತಾನೂ ಕೂತಳು. ಹಸಿವಾಗಿತ್ತು. ಅನ್ನ ಚೆನ್ನಾಗಿಯೇ ಇತ್ತು. ಅದೇ ಅವಳಿಗೆ ಎಲ್ಲಕ್ಕಿಂತ ಅಸಹ್ಯವಾಯಿತು.