ಪರಸೋಂ ಅಂದರೆ ಯಾವತ್ತು

ಲಿಫ್ಟಿನೊಳಗೆ ಕನ್ನಡಿ ಬೇಕೇ, ಫ್ಯಾನು ಬೇಕೇ ಎಂಬುದು ಮನುಕುಲದ ಮುಂದಿರುವ ಗಹನ ಪ್ರಶ್ನೆಗಳಲ್ಲೊಂದು. ಸಿಕಂದರಾಬಾದಿನ ಆ ಅಪಾರ್ಟ್‌ಮೆಂಟಿನಲ್ಲಿ ಇದಕ್ಕಾಗಿ ಸಭೆಯ ಮೇಲೆ ಸಭೆ ನಡೆದವು. ಮೂರನೇ ಮಹಡಿಯ ಲಿಫ್ಟಿನ ಬಾಗಿಲು ಲಿಫ್ಟು ಬಾರದಿದ್ದರೂ ತೆರೆದುಕೊಳ್ಳುತ್ತದೆ ಎಂಬ ಸಣ್ಣ ವಿಷಯಕ್ಕೆ ಸಮಯ ಸಾಲಲಿಲ್ಲ. ನಿನ್ನೆ ಮೈಸೂರಿನ ಸಾಫ್ಟ್‌ವೇರ್ ಹುಡುಗ ಗಗನ, ಮೊಬೈಲಿನಲ್ಲಿ ಅಮೆರಿಕದ ಕ್ಲೈಂಟಿಗೆ ಯೆಸ್ ಯೆಸ್ ಎನ್ನುತ್ತ, ಆ ಬಾಗಿಲು ತೆರೆದು ಕಾಲಿಟ್ಟ. ಲಿಫ್ಟು ಕೆಳಗಿತ್ತು. ಎರಡೂ ಕಾಲು ಮುರಿದವು.

ನಿವಾಸಿಗಳ ಸಂಘದ ಕಾರ್ಯದರ್ಶಿ ಮಲ್ಲಿಕಾರ್ಜುನ ಪೊಲೀಸ್ ಠಾಣೆಯ ವರಾಂಡದಲ್ಲಿ ಕೂರುತ್ತಿದ್ದ, ಏಳುತ್ತಿದ್ದ, ಮತ್ತೆ ಕೂರುತ್ತಿದ್ದ. ಸರ್ಕಾರಿ ನೌಕರ, ಕೇಸಾದರೆ ಬರಬೇಕಾದ ಬಡ್ತಿ ಬಾರದು, ಇರುವ ನೌಕರಿಯೂ ಅನುಮಾನ.

"ಕುಂದ್ರೋ ಮಾರಾಯಾ," ಎಂದ ವಕೀಲ ಪ್ರಹ್ಲಾದ, ಅವನ ಷಡ್ಡಕ. "ಗೊತ್ತಿಲ್ದ ಆಗಿದ್ರ ಬರೇ ತಪ್ಪು, ಪರಿಹಾರ ಕೊಟ್ಟು ಕೈ ತೊಳ್ಕೋಬಹುದು. ಯಾರರ ಬೀಳ್ತಾರಂತ ಗೊತ್ತಿದ್ದೂ ಸುಮ್ನ ಕುಂತಿದ್ರ ಅದು ಕ್ರಿಮಿನಲ್. ನಿನಗ ಗೊತ್ತಿತ್ತೇನು?"

"ಗೊತ್ತಿತ್ತಲ್ಲೋ! ದಸರಾದಾಗ ವಾಚ್‌ಮನ್ ಖಾಜಾ ಹೇಳಿದ್ದ. ಈಗ ಯುಗಾದಿ ಬಂತು. ಆ ಕನ್ನಡಿ ಗದ್ದಲದಾಗ…"

"ಬಾಯಿ ಮುಚ್ಚು. ಆ ಖಾಜಾ ಎಲ್ಲಾದಕ್ಕೂ ಪರಸೋಂ ಅಂತಾನ, ನೀ ಮೊನ್ನೆ ಗುಲ್ಬರ್ಗಾಕ್ಕ ಮದುವಿಗೆ ಹೋಗಿದ್ದಿ, ಊರಾಗ ಇರಲಿಲ್ಲ. ಅಷ್ಟ ಹೇಳು."

ಇಬ್ಬರನ್ನೂ ಒಳಗೆ ಕರೆದು ಕೂರಿಸಿದ ಇನ್‌ಸ್ಪೆಕ್ಟರ್ ನೆಲ್ಲೂರಿನವನು, ಹೈದರಾಬಾದಿಗೆ ಹೊಸಬ. ಎದುರಿಗೆ ವಾಚ್‌ಮನ್ ಖಾಜಾ ಮಿಯಾ ಕೈಕಟ್ಟಿ ನಿಂತಿದ್ದ.

"ಬಾಗಿಲು ಕೆಟ್ಟಿದೆ ಅಂತ ಇವರಿಗೆ ಯಾವಾಗ ಹೇಳಿದೆ?" ಇನ್‌ಸ್ಪೆಕ್ಟರ್ ಮಲ್ಲಿಕಾರ್ಜುನನನ್ನು ತೋರಿಸಿ ತೆಲುಗಿನಲ್ಲಿ ಕೇಳಿದ.

"ಪರಸೋಂ ಬೋಲಾ, ಸಾಬ್."

ಹೈದರಾಬಾದಿನಲ್ಲಿ ಪರಸೋಂ ಎಂದರೆ ಮೊನ್ನೆ. ಹೋದ ವರ್ಷವೂ ಹೌದು. ಒತ್ತಾಯಿಸಿದರೆ ನಿಜಾಮರ ಕಾಲವೂ ಅದರೊಳಗೆ ಹಿಡಿಸುತ್ತದೆ. ನೆಲ್ಲೂರಿನಲ್ಲಿ ಕಲಿತ ಹಿಂದಿಯಲ್ಲಿ ಅದು ಬರೀ ಮೊನ್ನೆ. ಇನ್‌ಸ್ಪೆಕ್ಟರ್ ಹಾಗೇ ಬರೆದುಕೊಂಡ. ಮಲ್ಲಿಕಾರ್ಜುನ ಪಾಠ ಒಪ್ಪಿಸಿದ: ಮೊನ್ನೆ ಗುಲ್ಬರ್ಗಾ, ಮದುವೆ, ಊರಲ್ಲಿರಲಿಲ್ಲ. ಪ್ರಹ್ಲಾದನ ಮೀಸೆಯಡಿ ನಗು ಮೂಡಿತು.

"ಹಾಗಾದರೆ ನೀನು ಹೇಳೇ ಇಲ್ಲ," ಇನ್‌ಸ್ಪೆಕ್ಟರ್ ಖಾಜಾನತ್ತ ತಿರುಗಿದ. "ಗೊತ್ತಿದ್ದೂ ಸುಮ್ಮನಿದ್ದವನು ನೀನೇ. ಕೇಸು ನಿನ್ನ ಮೇಲೆ."

"ಅರೆ ಸಾಬ್, ಆಪ್ ಬೋಲೋ ನಾ!" ಖಾಜಾ ಮಲ್ಲಿಕಾರ್ಜುನನನ್ನು ನೋಡಿದ. "ಪರಸೋಂಚ್ ಬೋಲಾ ನಾ ಮೈ!"

ಮಲ್ಲಿಕಾರ್ಜುನ ಎದ್ದ, ಕೂತ, ಎದ್ದ. ಪ್ರಹ್ಲಾದ ಅಂಗಿ ಜಗ್ಗಿದ. "ಸುಮ್ನ ಕುಂದ್ರಲೇ."

"ಸರ್, ಇವನ ಪರಸೋಂ ಮೊನ್ನೆದಲ್ರಿ, ದಸರಾದ್ದೈತ್ರಿ. ನನಗ ಹೇಳಿದ್ದ."

ಗಾಬರಿಯಲ್ಲಿ ಮಲ್ಲಿಕಾರ್ಜುನನ ಬಾಯಿಂದ ಬಂದದ್ದು ಕನ್ನಡ. ಇನ್‌ಸ್ಪೆಕ್ಟರ್ ಪಿಳಿಪಿಳಿ ನೋಡಿದ. ಪ್ರಹ್ಲಾದ ಕೆಮ್ಮಿದ, ಪಾರಾಗಲು ಇನ್ನೂ ಅವಕಾಶವಿತ್ತು.

ಮಲ್ಲಿಕಾರ್ಜುನ ಅದನ್ನೇ ತೆಲುಗಿನಲ್ಲಿ ಹೇಳಿದ.

ಖಾಜಾನನ್ನು ಮನೆಗೆ ಕಳಿಸಿದರು. ಕೇಸು ಮಲ್ಲಿಕಾರ್ಜುನನ ಮೇಲೆ ದಾಖಲಾಯಿತು.