ಬುಡದ ನೀರು

ಮೂರನೇ ಸಾಲಿನ ಮೋಸಂಬಿ ಮರಗಳ ಎಲೆ ಹಳದಿಗೆ ತಿರುಗಿದ್ದನ್ನು ಮೊದಲು ಕಂಡವಳು ಸೊಸೆ. ಬುಡದ ತೊಗಟೆ ಬಿರಿದು ಅಂಟು ಸೋರುತ್ತಿತ್ತು. ಬಾವಿಯ ನೀರು ಪಾತಾಳಕ್ಕಿಳಿದಿತ್ತು; ಪಂಪು ದಿನಕ್ಕೆ ಎರಡು ಗಂಟೆ ಓಡಿದರೆ ಹೆಚ್ಚು. ಆ ನೀರೂ ಹನಿ ಪೈಪಿನಿಂದ ನೇರ ಕಾಂಡಕ್ಕೇ ತೊಟ್ಟಿಕ್ಕುತ್ತಿತ್ತು. ಸಸಿ ನೆಟ್ಟಾಗ ಮಾವ ಹಾಕಿಸಿದ್ದ ಪೈಪು ಅದು. ಹದಿನಾಲ್ಕು ವರ್ಷದಲ್ಲಿ ಸಸಿ ಮರವಾಗಿತ್ತು, ಪೈಪು ಇದ್ದಲ್ಲೇ ಇತ್ತು.

ಕೊಂಬೆಗಳ ನೆರಳು ಮುಗಿಯುವಲ್ಲಿ ಅವಳು ಅಗೆದು ನೋಡಿದಳು. ಕೂದಲಿನಷ್ಟು ಸಣ್ಣ ಬೇರುಗಳು ಬೂದಿಯಂಥ ಮಣ್ಣಿನಲ್ಲಿ ಒಣಗುತ್ತಿದ್ದವು. ಅಂದೇ ಕೆಲಸಕ್ಕಿಳಿದಳು. ಪೈಪಿಗೆ ಹೊಸ ತುಂಡು ಸೇರಿಸುವುದು, ಮರದಿಂದ ಒಂದು ಮಾರು ದೂರದಲ್ಲಿ ಬಳೆಯಂತೆ ಸುತ್ತಿಸುವುದು, ಮೇಲೆ ಒಣಹುಲ್ಲು ಹೊದಿಸುವುದು. ಗಂಡ ಹಣ್ಣಿನ ಲಾರಿಯ ಜೊತೆ ಊರೂರು ಅಲೆಯುವವನು, ಕೈಗೆ ಸಿಗುತ್ತಿರಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು ದಿನಕ್ಕೆ ಎಂಟು ಮರ ಮುಗಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು.

ವಾರ ಕಳೆದ ಮೇಲೆ ಮೂರನೇ ಸಾಲಿಗೆ ಮರಳಿ ನೋಡಿದರೆ ಬಳೆಗಳೆಲ್ಲ ಮತ್ತೆ ಬುಡದಲ್ಲಿ ಸುರುಳಿಯಾಗಿ ಬಿದ್ದಿದ್ದವು. ಹುಲ್ಲು ಚೆಲ್ಲಾಪಿಲ್ಲಿಯಾಗಿತ್ತು. ಮಾವ ಸಾಲಿನ ಕೊನೆಯಲ್ಲಿ ಬಗ್ಗಿ ಇನ್ನೊಂದನ್ನು ಎಳೆಯುತ್ತಿದ್ದರು.

“ಮಾವ, ಇದೆಲ್ಲ ನೀವೇ ಎಳೆದಿದ್ದಾ?”

“ಮತ್ತೆ? ಬಾಯಿಗಿಡೋ ತುತ್ತನ್ನ ಯಾರಾದ್ರೂ ಕಿವಿಗಿಡ್ತಾರೇನಮ್ಮ?”

ಅವಳು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. “ಜಗಳ ಆಡೋಕೂ ನಂಗೆ ಶಕ್ತಿ ಇಲ್ಲ. ಮರದ ಬಾಯಿ ಎಲ್ಲಿದೆ ಅಂತ ನೀವೇ ಅಗೆದು ನೋಡಿ. ಬುಡದಲ್ಲಿ ಒಂದು ಎಳೇ ಬೇರು ಸಿಕ್ಕಿದ್ರೂ ನಿಮ್ಮ ಮಾತೇ ಮಾತು.”

ಮಾವ ಹಟಕ್ಕೆ ಬಿದ್ದು ಅಗೆದರು. ಬುಡದ ಮಣ್ಣು ಕಪ್ಪಗಿತ್ತು, ಕೊಳೆತ ವಾಸನೆ ಬಂತು, ಎಳೇ ಬೇರು ಒಂದೂ ಸಿಗಲಿಲ್ಲ. ಮೂಲೆಯ ಮರದ ಬಳೆಯೊಂದು ಅವರ ಕಣ್ತಪ್ಪಿ ಉಳಿದಿತ್ತು. ಅವಳು ಅಲ್ಲಿಗೆ ಕರೆದೊಯ್ದು ಹುಲ್ಲು ಸರಿಸಿದಳು. ಮಣ್ಣು ಹಸಿಯಾಗಿತ್ತು, ಬೇರಿನ ತುದಿಗಳು ಬೆಳ್ಳಗೆ ಚಿಗುರಿದ್ದವು. ಮಾವ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು.

“ಇಷ್ಟು ವರ್ಷ ನಾನೇ ಕೊಳೆಸಿದ್ನಾ ಹಂಗಾದ್ರೆ?”

ಅವಳು ಸರಿಸಿದ ಹುಲ್ಲನ್ನು ಮತ್ತೆ ಬೇರಿನ ಮೇಲೆ ಹೊದಿಸಿದಳು.

ಮರುದಿನ ಮಾವ ಗಿಡ್ಡ ಸ್ಟೂಲು ತಂದು ಪೈಪು ಕತ್ತರಿಸಲು ಕೂತರು. ಮಧ್ಯಾಹ್ನದ ಹೊತ್ತಿಗೆ ಕೇಳಿದರು: “ಮುಂಚೆನೇ ಹೇಳ್ಬಾರದಿತ್ತಾ?”

“ಹೇಳಿದ್ದೆ. ಎರಡು ಬೇಸಿಗೆ ಹಿಂದೆ.”

“ನಾನೇನಂದೆ?”

“ಮೊದಲು ಸಾರಿಗೆ ಉಪ್ಪು ಸರಿಯಾಗಿ ಹಾಕೋದು ಕಲಿ ಅಂದ್ರಿ.”

ಮಾವ ತಲೆ ತಗ್ಗಿಸಿ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಇಡೀ ತೋಟ ಮುಗಿಯಲು ಇಪ್ಪತ್ತಾರು ದಿನ ಹಿಡಿಯಿತು. ಅದೇ ಎರಡು ಗಂಟೆಯ ನೀರು ಈಗ ಸಾಲುತ್ತಿತ್ತು. ಮೂರನೇ ಸಾಲಿನ ಹನ್ನೊಂದರಲ್ಲಿ ಎಂಟು ಮರ ಚಿಗುರಿದವು. ಮೂರು ಉಳಿಯಲಿಲ್ಲ. ಅವನ್ನು ಕಡಿಯುವ ದಿನ ಮಾವ ಕೊಡಲಿಯನ್ನು ಸೊಸೆಯ ಕೈಗೆ ಕೊಡಲಿಲ್ಲ. ಎರಡೇಟು ಹಾಕಿ ಕೂರುವುದು, ಏದುಸಿರು ಇಳಿದ ಮೇಲೆ ಮತ್ತೆ ಏಳುವುದು, ಹೀಗೆ ಸಂಜೆಯವರೆಗೂ ತಾವೇ ಕಡಿದರು. ಅವಳು ಕೊಂಬೆಗಳನ್ನು ಒಂದೊಂದಾಗಿ ಎಳೆದು ಬೇಲಿಯ ಪಕ್ಕ ಒಟ್ಟಿದಳು.