ತೀರ್ಥೇಶನ ನಿದ್ದೆ

ನಾಗವೇಣಿಯ ಗಂಡ ತೀರ್ಥೇಶ್ ಮುಂಬೈಯಿಂದಾಚೆ ನಡುಗಡಲಿನಲ್ಲಿ ಎಣ್ಣೆ, ಗ್ಯಾಸ್ ತೆಗೆಯುವ ಉಕ್ಕಿನ ಅಟ್ಟದ ಮೇಲೆ ಆಪರೇಟರ್. ಹೆಲಿಕಾಪ್ಟರಿನಲ್ಲಿ ಹೋಗಿ ಎರಡು ವಾರ ಅಲ್ಲಿರುತ್ತಿದ್ದ, ಮತ್ತೆರಡು ವಾರ ಕುಬಟೂರಿನ ಮನೆಯಲ್ಲಿ. ಮದುವೆಯಾದಾಗಿನಿಂದ ಅವಳಿಗೆ ಅವನ ಮೇಲಿದ್ದ ದೂರು ಒಂದೇ: ಮನೆಗೆ ಬಂದವನು ನಿದ್ದೆ ಮಾಡುತ್ತಿರಲಿಲ್ಲ. ಹೊರಳುತ್ತಿದ್ದ, ಎದ್ದು ಕೂರುತ್ತಿದ್ದ, ಅಡುಗೆಮನೆಗೆ ಹೋಗಿ ಸಿಲಿಂಡರನ್ನು ಮುಟ್ಟಿ ನೋಡಿ ಬರುತ್ತಿದ್ದ. ಬೆಳಿಗ್ಗೆ ಅವನ ಕೆಂಗಣ್ಣು ಕಂಡವರು ಇವಳತ್ತ ತಿರುಗಿ ಮುಸಿಮುಸಿ ನಗುತ್ತಿದ್ದರು.

ಈ ಸಲ ಬಂದವನು ದಿನಾ ಊಟವಾದೊಡನೆ ಬೈಕ್ ಹತ್ತಿ ಸೊರಬಕ್ಕೆ ಹೊರಡತೊಡಗಿದ. ಸಂಜೆ ತಿರುಗಿ ಬಂದಾಗ ಮುಖ ಅರಳಿರುತ್ತಿತ್ತು. ಏನು ಕೆಲಸ ಎಂದರೆ ಹೀಗೇ ಎನ್ನುತ್ತಿದ್ದ. ಪಕ್ಕದ ಮನೆಯ ಶೇಷಮ್ಮ, ಯಾರೂ ಕೇಳದಿದ್ದರೂ, ಅವನನ್ನು ಬಸ್‌ಸ್ಟ್ಯಾಂಡ್ ಹಿಂದಿನ ಲೋಕಮ್ಮನ ಹಿಟ್ಟಿನ ಗಿರಣಿಯಲ್ಲಿ ಕಂಡೆನೆಂದಳು. ಲೋಕಮ್ಮನಿಗೆ ಗಂಡನಿಲ್ಲವೆಂದೂ ಸೇರಿಸಿದಳು. ಅರವತ್ತು ದಾಟಿದೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಮರುದಿನ ನಾಗವೇಣಿ, ಬೀಸಿಸುವ ಅಗತ್ಯವೇ ಇರದ ಅಕ್ಕಿಯನ್ನು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದಳು.

ಗಿರಣಿ ಕಿವಿ ಒಡೆಯುವಂತೆ ತಿರುಗುತ್ತಿತ್ತು. ಮೂಲೆಯ ತೌಡಿನ ಚೀಲಗಳ ಮೇಲೆ ತೀರ್ಥೇಶ್ ಬಾಯಿ ತೆರೆದು ಮಲಗಿದ್ದ. ಮೀಸೆ, ಹುಬ್ಬು ಎಲ್ಲ ಹಿಟ್ಟು. ಸದ್ದು ಮಾಡಬೇಡವೆಂದು ಲೋಕಮ್ಮ ಬಾಯಿಯ ಮೇಲೆ ಬೆರಳಿಟ್ಟಳು. ಆ ಗದ್ದಲದಲ್ಲಿ ಸದ್ದು ಮಾಡುವುದಾದರೂ ಹೇಗೆಂದು ನಾಗವೇಣಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಗಿರಣಿ ನಿಂತದ್ದೇ ತೀರ್ಥೇಶ್ ದಡಬಡಿಸಿ ಎದ್ದ. "ಕಂಪ್ರೆಸರ್ ಯಾಕೆ ನಿಂತ್ತು? ಗ್ಯಾಸ್ ಬಾವಿ ಬಂದ್ ಮಾಡಿದ್ರಾ?" ಎನ್ನುತ್ತ, ಕೈಗೆ ಸಿಕ್ಕ ಬುಟ್ಟಿಯನ್ನೇ ಹೆಲ್ಮೆಟ್ಟೆಂದು ತಲೆಗೇರಿಸಿಕೊಂಡು ಬಾಗಿಲಿಗೆ ಓಡಿದ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಹೆಲಿಕಾಪ್ಟರ್ ಇನ್ನೂ ಬಂದಿಲ್ಲರೀ," ಎಂದಳು. "ನಾನು ಬಸ್ಸಲ್ಲಿ ಬಂದೆ."

ಬುಟ್ಟಿ ಕೆಳಗಿಟ್ಟು ಅವನು ಎಲ್ಲ ಹೇಳಿದ. ಅಲ್ಲಿ ಅವನ ಕೋಣೆಯ ಕೆಳಗೇ, ಗ್ಯಾಸನ್ನು ದಡಕ್ಕೆ ನೂಕುವ ಕಂಪ್ರೆಸರ್ ಯಂತ್ರ ಹಗಲಿರುಳು ಬೊಬ್ಬಿಡುತ್ತದೆ. ಆ ಬೊಬ್ಬೆಯಲ್ಲೇ ಎಲ್ಲರಿಗೂ ನಿದ್ದೆ. ಅದು ನಿಂತರೆ ಉತ್ಪಾದನೆಯೂ ನಿಂತಿತೆಂದೇ ಅರ್ಥ. ಮಲಗಿದವರೆಲ್ಲ ಎದ್ದು ಓಡಬೇಕು. ಕುಬಟೂರಿನ ಮೌನ ಅವನ ಕಿವಿಗೆ ಏನೋ ಕೆಟ್ಟಿದೆ ಎಂಬಂತೆಯೇ ಕೇಳುತ್ತಿತ್ತು.

ನಾಗವೇಣಿಯ ಸಿಟ್ಟೇನೋ ಇಳಿಯಿತು. ಲೋಕಮ್ಮನಿಗೆ ಮೊದಲು ಗೊತ್ತಾದದ್ದು ಮಾತ್ರ ಚುಚ್ಚಿತು.

"ನನ್ನ ಹತ್ರ ಹೇಳಕ್ಕೆ ಏನಾಗಿತ್ತು?"

"ನೀನು ನಗ್ತೀಯ ಅಂತ."

ಅವಳು ಆಗಲೇ ನಗುತ್ತಿದ್ದಳು.

ಆ ವಾರವೇ ಇಬ್ಬರೂ ಶಿಕಾರಿಪುರಕ್ಕೆ ಹೋಗಿ ಹಳೆಯ ಕೂಲರೊಂದನ್ನು ತಂದರು. ಅಂಗಡಿಯವನು ಅದರ ಗಡಗಡ ಸದ್ದಿಗೆ ಕ್ಷಮೆ ಕೇಳುತ್ತಿದ್ದರೆ, ಇನ್ನೂ ಜೋರಿನದು ಇದೆಯೇ ಎಂದು ನಾಗವೇಣಿ ವಿಚಾರಿಸಿದಳು. ಅವಳೀಗ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಾಳೆ. ಗಂಡ ಬಾಯಿ ತೆರೆದು ಮಲಗುವುದನ್ನು ನೋಡುತ್ತ ಸ್ವಲ್ಪ ಹೊತ್ತು ಎಚ್ಚರವಿರುವುದೂ ಉಂಟು.